ನೀರು ನಿಂತ ಮೊದಲ ವಾರಗಳು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆಯ ಜಲಾಶಯದಲ್ಲಿ ನೀರು ನಿಂತಿತೆಂದರೆ ಆ ಸುದ್ದಿ ಸುತ್ತಿನ ಹಳ್ಳಿಗಳಿಗೆಲ್ಲ ತಾನಾಗಿಯೇ ಹರಡುವುದು. ತೆಂಗಿನ ತೋಟವುಳ್ಳವರ ಮುಖಗಳೇ ಅದನ್ನು ಸಾರುವುವು. ಆದರೆ ಅದೇ ಸೀಮೆಯ ಎಷ್ಟೋ ಮನೆಗಳಲ್ಲಿ ಸೊಸೆಗೆ ‘ನೀರು ನಿಂತಿದೆ’ ಎಂಬ ಸುದ್ದಿ ಮಾತ್ರ ಅಡಿಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ. “ಮೂರು ತುಂಬಲಿ, ಸುಮ್ಮನಿರು” ಎನ್ನುವರು ಹಿರಿಯರು. ದೃಷ್ಟಿ ತಾಗೀತೆಂಬ ಅಂಜಿಕೆ ಒಂದು. ಬಸಿರು ನಿಲ್ಲದೆ ಹೋದರೆ ನಾಲ್ಕು ಜನಕ್ಕೆ ಉತ್ತರ ಹೇಳಬೇಕಲ್ಲ ಎಂಬ ಸಂಕೋಚ ಇನ್ನೊಂದು. ನೆರೆಹೊರೆಗೆ ಹೇಳದಿರುವುದು ಅವರವರ ಇಷ್ಟ. ವೈದ್ಯರಿಗೂ ಊರಿನ ಆಶಾ ಕಾರ್ಯಕರ್ತೆಗೂ ಹೇಳದೆ ಮೂರು ತಿಂಗಳನ್ನು ಕಳೆಯುವುದು ಮಾತ್ರ ಸಲ್ಲದು.

ಕಾರಣವಿಷ್ಟೆ. ಶಿಶುವಿನ ಮಿದುಳೂ ಬೆನ್ನುಹುರಿಯೂ ಮೊದಲು ಒಂದು ಸಣ್ಣ ಹಾಳೆಯಂತಿದ್ದು, ಅಂಚುಗಳು ಮಡಿಚಿ ಕೂಡಿ ನಾಳವಾಗುವುವು. ಗರ್ಭ ಕಟ್ಟಿದ ೨೮ ದಿನಗಳೊಳಗೆ ಈ ನಾಳ ಮುಚ್ಚಿಕೊಳ್ಳತಕ್ಕದ್ದು. ಮುಚ್ಚದಿದ್ದರೆ ಮಗುವಿನ ಬೆನ್ನಿನಲ್ಲಿಯೋ ತಲೆಯಲ್ಲಿಯೋ ತೀರದ ಊನ ಉಳಿಯುವುದು. ತಿಂಗಳ ಮುಟ್ಟು ಸರಿಯಾಗಿ ಬರುವ ಹೆಂಗಸಿನ ಲೆಕ್ಕದಲ್ಲಿ, ಮುಟ್ಟು ತಪ್ಪಿದ ಮೇಲೆ ಎರಡೇ ವಾರಕ್ಕೆ ಈ ಕೆಲಸ ಮುಗಿದಿರುವುದು. ಮನೆಯವರು ಮೂರು ತುಂಬಲೆಂದು ಕಾಯುತ್ತಿರುವಾಗ ಒಳಗಿನ ಕುಶಲಕರ್ಮ ಯಾರನ್ನೂ ಕಾಯುವುದಿಲ್ಲ.

ಆ ನಾಳ ಮುಚ್ಚಲು ನೆರವಾಗುವ ಸತ್ತ್ವದ ಕಥೆಗೂ ನಮ್ಮ ದೇಶಕ್ಕೂ ನಂಟುಂಟು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು ೧೯೩೧ರಲ್ಲಿ ಪ್ರಕಟಿಸಿದರು. ೧೯೪೧ರಲ್ಲಿ ವಿಜ್ಞಾನಿಗಳು ಅಂಥ ಸತ್ತ್ವವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯೆಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಅದು ಬೆನ್ನುಹುರಿಯ ಊನವನ್ನು ತಡೆಯಬಲ್ಲದೆಂಬುದು ೧೯೯೧ರಲ್ಲಿ ಸ್ಥಿರಪಟ್ಟಿತು. ನಮ್ಮ ಸೊಪ್ಪುಸದೆ, ಹೆಸರುಕಾಳು, ಅಲಸಂದೆಗಳಲ್ಲಿ ಇದು ಇದ್ದೇ ಇದೆ. ಆದರೆ ಸೊಪ್ಪನ್ನು ಹೊತ್ತುಗಟ್ಟಲೆ ಬೇಯಿಸಿ ಬಸಿದು ಚೆಲ್ಲಿದರೆ ಬಹುಪಾಲು ಹೋಗುವುದು. ಆದುದರಿಂದ ಊಟದ ಜೊತೆಗೆ ದಿನಕ್ಕೆ ೪೦೦ ಮೈಕ್ರೋಗ್ರಾಮಿನ ಮಾತ್ರೆಯೂ ಬೇಕು. ಮಗುವನ್ನು ಬಯಸುವ ದಂಪತಿಗಳು ನೀರು ನಿಲ್ಲುವ ಮೊದಲೇ ಇದನ್ನು ಆರಂಭಿಸಿದರೆ ಅತ್ಯುತ್ತಮ. ಹಿಂದೆ ಇಂಥ ಊನದ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುವುದು. ಅದನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ಇನ್ನು ಮೈಯ ಲಕ್ಷಣಗಳು. ಎದೆ ಬಿಗಿದು ನೋಯುವುದು, ಕಾರಣವಿಲ್ಲದ ಆಯಾಸ, ಪದೇ ಪದೇ ಮೂತ್ರ, ನಿನ್ನೆಯವರೆಗೆ ಹಿತವಾಗಿದ್ದ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವುದು. ವಾಂತಿ ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಮೊದಲಾಗಿ ಮೂರು ತಿಂಗಳು ತುಂಬುವ ಹೊತ್ತಿಗೆ ಇಳಿಯುವುದು. ಹೊಟ್ಟೆ ಬರಿದಾಗಿದ್ದಷ್ಟೂ ಅದು ಹೆಚ್ಚು. ಏಳುವ ಮುನ್ನವೇ ಒಂದು ತುಣುಕು ಒಣರೊಟ್ಟಿ, ಆಮೇಲೆ ಗುಟುಕು ಗುಟುಕಾಗಿ ಎಳನೀರು: ತೆಂಗಿನ ಸೀಮೆಯ ಬಸುರಿಗೆ ಈ ಮದ್ದು ಹಿತ್ತಲಲ್ಲೇ ಇದೆ. ವಾಂತಿಯಾಗುವುದೆಂದು ಊಟ ಬಿಡಿಸಬಾರದು. ಹಾಗೆಯೇ ಇಬ್ಬರ ಊಟ ಉಣ್ಣೆಂದು ಬಲವಂತ ಮಾಡುವುದೂ ಈ ತಿಂಗಳುಗಳಲ್ಲಿ ಅನವಶ್ಯಕ. ತಲೆನೋವಿಗೆಂದು ಅಂಗಡಿಯ ಮಾತ್ರೆಯನ್ನಾಗಲಿ, ನಾಟಿ ಕಷಾಯವನ್ನಾಗಲಿ ಕೇಳದೆ ಕುಡಿಸಬೇಡಿ.

ಹಿರಿಯರ ಅಂಜಿಕೆ ಬರಿಯ ಮೂಢತನವೆಂದು ತಳ್ಳಿಹಾಕುವಂತಿಲ್ಲ. ಮೊದಲ ಮೂರು ತಿಂಗಳಲ್ಲಿ ಬಸಿರು ಇಳಿದುಹೋಗುವುದು ಅಪರೂಪವಲ್ಲ. ಖಚಿತಪಟ್ಟ ಬಸಿರುಗಳಲ್ಲಿ ಹತ್ತಕ್ಕೆ ಒಂದಾದರೂ ಹಾಗೆ ಹೋಗುವುದುಂಟು. ಆದರೆ ಅರ್ಧಕ್ಕೂ ಹೆಚ್ಚು ಸಲ ಅದಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಮೊದಲೇ ಸೇರಿದ ದೋಷ. ಕೊಡ ಹೊತ್ತದ್ದಲ್ಲ, ಕಣ್ಣು ಬಿದ್ದದ್ದಲ್ಲ. ಗುಟ್ಟಾಗಿದ್ದ ಬಸಿರು ಗುಟ್ಟಾಗಿಯೇ ಹೋದಾಗ ಆ ಹೆಣ್ಣುಮಗಳು ಅಳುವುದಕ್ಕೂ ಎಡೆಯಿಲ್ಲದೆ, ಎರಡನೆಯ ದಿನವೇ ಎಂದಿನ ಕೆಲಸಕ್ಕೆ ನಿಲ್ಲುವಳು. ಮನೆಯಲ್ಲಿ ಗಂಡನಾದರೂ ಈ ಮಾತನ್ನು ತಿಳಿದಿದ್ದರೆ ಅವಳ ತಲೆಯ ಮೇಲಿನ ಅಪವಾದ ಅರ್ಧ ಇಳಿಯುವುದು.

ತುಮಕೂರು ಜಿಲ್ಲೆಯವರೇ ಆದ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪಡೆದರು. ಸೂಲಗಿತ್ತಿಯನ್ನು ಜನ ಹೆಚ್ಚಾಗಿ ಕರೆಯುತ್ತಿದ್ದುದು ನೋವು ಬಂದ ಮೇಲೆ. ಆಶಾ ಕಾರ್ಯಕರ್ತೆಯನ್ನಾದರೋ ಮೊದಲ ವಾರಗಳಲ್ಲೇ ಕರೆಯಬೇಕು. ಮೂತ್ರಪರೀಕ್ಷೆ ಮಾಡಿಸಿ, ೧೨ ವಾರಗಳೊಳಗೆ ಹೆಸರು ಬರೆಸಿ, ತಾಯಿ ಕಾರ್ಡು ಕೊಡಿಸುವುದಕ್ಕೆ ಅವಳು ನೆರವಾಗುವಳು. ರಕ್ತದ ಪರೀಕ್ಷೆಯಲ್ಲಿ ರಕ್ತಹೀನತೆಯಿದ್ದರೆ ಆಗಲೇ ತಿಳಿಯುವುದು. ಕಬ್ಬಿಣದ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ. ಅದನ್ನು ಕಾಫಿಯೊಡನೆ ನುಂಗಿದರೆ ಫಲ ಕಡಿಮೆ.

ರಕ್ತ ಕಂಡರೆ, ಎಷ್ಟೇ ಸ್ವಲ್ಪವಾದರೂ, ವೈದ್ಯರಿಗೆ ತಿಳಿಸತಕ್ಕದ್ದು. ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ಕಡುನೋವು ಬಂದು ಕಣ್ಣು ಕತ್ತಲೆಗೂಡಿದರೆ ಗರ್ಭ ನಾಳದಲ್ಲಿ ಕಟ್ಟಿರಬಹುದು; ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ ಅದೂ ಅಪಾಯವೇ. ಅಂಥ ಹೊತ್ತಿನಲ್ಲಿ ನಡುರಾತ್ರಿಯಾದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.