ಧ್ವನಿಮುದ್ರಣದಲ್ಲಿ ಕಾಣದ ದೋಷ

ಲಿನಕ್ಸ್‌ನಲ್ಲಿ ಮೈಕ್ ಮೌನವಾಗಿದ್ದರೆ ದೋಷ ಯಾವ ಹಂತದ್ದೆಂದು ಮೊದಲು ತಿಳಿಯಬೇಕು. ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೊ ಸರ್ವರನ್ನು ಬದಿಗಿರಿಸಿ, ‘ಎ-ರೆಕಾರ್ಡ್’ ಆದೇಶದ ಮೂಲಕ ಕರ್ನಲ್ಲಿನ ಅಲ್ಸಾ ಸಾಧನದಿಂದಲೇ ಮುದ್ರಿಸಿದಾಗ ದನಿ ಬಂದರೆ ತೊಡಕು ಸರ್ವರಿನದು. ಅನೇಕ ವೇಳೆ ಅಲ್ಲಿ ಮೈಕಿನ ಬದಲು ಸ್ಪೀಕರಿನ ‘ಮಾನಿಟರ್’ ಆಯ್ಕೆಯಾಗಿರುತ್ತದೆ. ಪಾವುಕಂಟ್ರೋಲ್‌ನಲ್ಲಿ ಅದನ್ನು ಬದಲಿಸಬಹುದು.

ಮೌನವಾದರೂ ಕೂಡಲೇ ಗೊತ್ತಾಗುತ್ತದೆ. ಉಪಭಾಷೆಗಳನ್ನು ದಾಖಲಿಸುವವರು ಹೆಚ್ಚು ಅಂಜಬೇಕಾದುದು ಬ್ಲೂಟೂತ್ ಹೆಡ್‌ಸೆಟ್ಟಿಗೆ. ಅದರ ಮೈಕ್ ಬಳಸಿದೊಡನೆ ಸಂಪರ್ಕವು ಸಾಮಾನ್ಯವಾಗಿ ದೂರವಾಣಿ ಕರೆಯ ಪ್ರೊಫೈಲಿಗೆ ಇಳಿಯುತ್ತದೆ: ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳಷ್ಟೇ. 8,000ದಲ್ಲಿ 4,000 ಹರ್ಟ್ಜ್‌ಗಿಂತ ಮೇಲಿನದು ಉಳಿಯದು. ಸಕಾರ-ಶಕಾರಗಳ ಭೇದ ಮಸುಕಾಗುತ್ತದೆ. ಸರ್ವರ್ ಅದನ್ನೇ 48,000ಕ್ಕೆ ಏರಿಸಿ ಒಪ್ಪಿಸಿದರೆ ಕಡತದ ವಿವರ ನಿರ್ದೋಷವಾಗಿಯೇ ಕಾಣುತ್ತದೆ. ನಿಜ ತಿಳಿಯುವುದು ಸ್ಪೆಕ್ಟ್ರೋಗ್ರಾಮಿನಲ್ಲಿ. ಪ್ರಾಟ್ ತಂತ್ರಾಂಶವು ತಾನಾಗಿ 5,000 ಹರ್ಟ್ಜ್‌ವರೆಗೆ ಮಾತ್ರ ತೋರಿಸುವುದರಿಂದ ಮಿತಿಯನ್ನು 10,000ಕ್ಕೆ ಹೆಚ್ಚಿಸಿ, ಮಾತುಗಾರರು ಎದುರಿಗಿರುವಾಗಲೇ ನೋಡಬೇಕು.