ಧೂಳು, ಕೆಸರು ಮತ್ತು ಕಾರಿನ ಆಯುಷ್ಯ

ಒಂದು ಲೀಟರು ಪೆಟ್ರೋಲನ್ನು ಉರಿಸಲು ಕಾರಿನ ಎಂಜಿನು ಸುಮಾರು 9,000 ಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಸವಣೂರುಗಳ ಹೊಲದ ದಾರಿಗಳಲ್ಲಿ ಬೇಸಗೆಯ ಆ ಗಾಳಿಯೊಡನೆ ಧೂಳೂ ಬರುತ್ತದೆ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಕಬ್ಬಿಣಕ್ಕಿಂತಲೂ ಗಡುಸು. ಗಾಳಿ ಸೋಸುವ ಫಿಲ್ಟರು ಹರಿದಿದ್ದರೆ ಅವು ಸಿಲಿಂಡರನ್ನು ಹೊಕ್ಕು, ಅದರ ಗೋಡೆಯನ್ನೂ ಪಿಸ್ಟನ್ನಿನ ಬಳೆಗಳನ್ನೂ ಸಾಣೆ ಹಿಡಿದಂತೆ ಸವೆಸುತ್ತವೆ. ಸವೆದ ಸಂದಿನಿಂದ ಉರಿದ ಅನಿಲವು ಕೆಳಗಿಳಿದು ಕೀಲೆಣ್ಣೆಯನ್ನು ಕೆಡಿಸುತ್ತದೆ. ಕೆಟ್ಟ ಎಣ್ಣೆಯು ಸವೆತವನ್ನು ಇನ್ನೂ ಹೆಚ್ಚಿಸುತ್ತದೆ. ಕಡೆಗೆ ಎಂಜಿನನ್ನೇ ಬಿಚ್ಚಿ ಕಟ್ಟಬೇಕಾಗುವುದು. ಆದುದರಿಂದ ಇಂಥ ದಾರಿಗಳಲ್ಲಿ ಓಡುವ ಕಾರಿಗೆ ಫಿಲ್ಟರನ್ನೂ ಎಣ್ಣೆಯನ್ನೂ ವಾಡಿಕೆಯ ಅವಧಿಗಿಂತ ಬೇಗನೆ ಬದಲಿಸತಕ್ಕದ್ದು.

ಮಳೆಗಾಲದ ಶತ್ರು ಬೇರೆ. ಹಾನಗಲ್ಲು, ಹಿರೇಕೆರೂರುಗಳ ಹಳ್ಳಿದಾರಿಯ ಕೆಸರು ಕಾರಿನ ಅಡಿಗೆ ಮೆತ್ತಿಕೊಂಡು ತೇವವನ್ನು ಬಹುಕಾಲ ಹಿಡಿದಿಡುತ್ತದೆ. ನೀರು, ಆಮ್ಲಜನಕ, ಉಕ್ಕು ಇವು ಕೂಡಿದಲ್ಲಿ ತುಕ್ಕು ನಿಶ್ಚಿತ. ಮೇಲ್ಮೈಯನ್ನು ಕನ್ನಡಿಯಂತೆ ಒರೆಸಿ ಚಕ್ರದ ಗೂಡುಗಳನ್ನು ಮರೆತರೆ ಪ್ರಯೋಜನವಿಲ್ಲ. ಎತ್ತಿನ ಮೈ ತೊಳೆಯುವ ರೈತನು ಗೊರಸನ್ನು ಮರೆಯುವನೆ? ಕೂಡಿಟ್ಟ ಹಣದಿಂದ ಕೊಂಡ ಕಾರಿಗೂ ಅಷ್ಟು ಗಮನ ಸಲ್ಲಬೇಕು. ಕಣ್ಣಿಗೆ ಕಾಣದ ಭಾಗಗಳ ಶುಚಿತ್ವವೇ ಅದರ ಆಯುಷ್ಯ.