ಲೇಖನಗಳ ಸಂಖ್ಯೆ ಹೆಚ್ಚಿದ್ದರೆ ವಿಕಿಪೀಡಿಯ ಗಟ್ಟಿಯೇ?

ಈಜಿಪ್ಟಿನ ಆಡುಮಾತಿನ ಅರಬ್ಬಿಗೆ ಪ್ರತ್ಯೇಕ ವಿಕಿಪೀಡಿಯ ಇದೆ. ಅದರಲ್ಲಿ 16 ಲಕ್ಷಕ್ಕೂ ಹೆಚ್ಚು ಲೇಖನಗಳು, ಶಿಷ್ಟ ಅರಬ್ಬಿಯ ವಿಕಿಪೀಡಿಯಕ್ಕಿಂತಲೂ ಜಾಸ್ತಿ! ಹಾಗಾದರೆ ಈಜಿಪ್ಟಿನವರು ಅಷ್ಟೊಂದು ಬರೆಯುತ್ತಿದ್ದಾರೆಯೇ?

ಇಲ್ಲ. ಬಹುಪಾಲು ಲೇಖನಗಳು ಬಾಟ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಸುರಿದ ಕೆಲವೇ ಸಾಲುಗಳು. ಕಾಯಿಲೆಯ ಬಗ್ಗೆ ತಿಳಿಯಬೇಕೆಂದು ಹುಡುಕುವವರಿಗೆ ಅಂಥವುಗಳಿಂದ ಏನೂ ದಕ್ಕದು.

ಅರಬ್ಬಿ ಮಾತನಾಡುವವರು ಕೋಟಿಗಟ್ಟಲೆ. ಆದರೆ ಮನೆಯಲ್ಲಿ ಆಡುವ ಅರಬ್ಬಿಯೇ ಬೇರೆ, ಶಾಲೆಯಲ್ಲಿ ಕಲಿತು ಬರೆಯುವ ಅರಬ್ಬಿಯೇ ಬೇರೆ. ಮೇಲಾಗಿ ಹಲವು ದೇಶಗಳಲ್ಲಿ ವೈದ್ಯಕೀಯ ಓದುವುದು ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ. ತಿಳಿದವರೇ ಬರೆಯಲು ಅಳುಕಿದರೆ ಆಶ್ಚರ್ಯವೇನು?

2012ರಲ್ಲಿ ಕೈರೋ ಮತ್ತು ಐನ್ ಶಮ್ಸ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಂದ ತರಗತಿಯ ಕೆಲಸವಾಗಿಯೇ ಅರಬ್ಬಿ ಲೇಖನಗಳನ್ನು ಬರೆಸಿದರು. ಮೇಷ್ಟ್ರ ಕಪಾಟು ಸೇರಬೇಕಿದ್ದ ಬರಹ ಫೋನ್ ಇರುವ ಯಾರಿಗೂ ಸಿಗುವಂತಾಯಿತು.